ಶಂಕುವಾಗುವ ಕಾರ್ನಿಯ

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣವನ್ನು ಮೊದಲ ಬಾರಿಗೆ ಮುಟ್ಟುವ ವಿದ್ಯಾರ್ಥಿಯು ಮಾಡಬೇಕಾದ ಮೊದಲ ಕೆಲಸವೆಂದರೆ, ಸೋಡಿಯಂ ದೀಪದ ಮುಂದಿರುವ ಸೀಳುಕಿಂಡಿಯನ್ನು ದೂರದರ್ಶಕದ ಮೂಲಕ ನೋಡಿ, ಅದು ತೆಳುವಾದ ಒಂದು ಹಳದಿ ಗೆರೆಯಾಗಿ ಸ್ಫುಟವಾಗಿ ಕಾಣುವಂತೆ ಹೊಂದಿಸುವುದು. ಕೆಲವು ವರ್ಷಗಳ ಹಿಂದೆ ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ, ಭದ್ರಾವತಿಯಿಂದ ಪ್ರತಿದಿನವೂ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಎರಡನೆಯ ವರ್ಷದ ವಿದ್ಯಾರ್ಥಿಯೊಬ್ಬನು ಅರ್ಧ ಗಂಟೆ ಕಳೆದರೂ ಈ ಕೆಲಸವನ್ನು ಮುಗಿಸಲಿಲ್ಲ. ಹತ್ತಿರ ಹೋಗಿ ವಿಚಾರಿಸಿದೆ. "ಸಾರ್, ಸೀಳು ಒಂದೇ ಅಲ್ಲವೆ? ನನಗೆ ಎರಡು ಗೆರೆ ಕಾಣುತ್ತಿವೆ. ಎರಡನೆಯದು ಪಕ್ಕದಲ್ಲಿ ಮಸುಕಾಗಿ ಬಾಲದಂತೆ ಹರಡಿಕೊಂಡಿದೆ" ಎಂದನು.

ಸೋಡಿಯಂ ದೀಪದ ಹಳದಿ ಬೆಳಕು ವಾಸ್ತವವಾಗಿ 589.0 ಮತ್ತು 589.6 ನ್ಯಾನೋಮೀಟರ್ ಅಲೆಯುದ್ದಗಳ ಎರಡು ಗೆರೆಗಳಿಂದಾದುದು ಎಂಬುದನ್ನು ಓದುಗರಲ್ಲಿ ಅನೇಕರು ಬಲ್ಲರು. ಆದರೆ ಆ ಎರಡನ್ನು ಬೇರ್ಪಡಿಸಲು ನಡುವೆ ಗ್ರೇಟಿಂಗ್ ಇರಬೇಕು. ಆಗ ಮೇಜಿನ ಮೇಲೆ ಗ್ರೇಟಿಂಗೂ ಇರಲಿಲ್ಲ, ಪಟ್ಟಕವೂ ಇರಲಿಲ್ಲ. ಬಲಗಣ್ಣಿನಿಂದ ನೋಡುವಂತೆ ಹೇಳಿದೆ. ಗೆರೆ ಒಂದೇ ಆಗಿತ್ತು. ಎಡಗಣ್ಣಿಗೆ ಪುನಃ ಎರಡಾಯಿತು. ರಟ್ಟಿನ ಚೂರೊಂದರಲ್ಲಿ ಗುಂಡುಸೂಜಿಯಿಂದ ರಂಧ್ರ ಮಾಡಿ, ಅದನ್ನು ಎಡಗಣ್ಣಿಗೆ ಹಿಡಿದು ದೀಪದ ಸೀಳನ್ನು ನೇರವಾಗಿ ನೋಡೆಂದೆ. ಗೆರೆ ಮಂಕಾಯಿತಾದರೂ ಒಂದೇ ಆಯಿತು.

ಸೂಜಿರಂಧ್ರದ ಈ ಪರೀಕ್ಷೆ ಬಹಳ ಹಳೆಯದು. ಅದರ ತರ್ಕವು ಸರಳವಾದುದು. ಕಣ್ಣಿನ ಹಿಂಬದಿಯ ರೆಟಿನದಲ್ಲಾಗಲಿ ಮಿದುಳಿಗೆ ಹೋಗುವ ನರದಲ್ಲಾಗಲಿ ಕೊರತೆಯಿದ್ದರೆ, ಬೆಳಕನ್ನು ಕಿರಿದಾದ ರಂಧ್ರದ ಮೂಲಕ ಹಾಯಿಸಿದ ಮಾತ್ರಕ್ಕೆ ನೋಟ ಸುಧಾರಿಸುವುದಿಲ್ಲ. ಸುಧಾರಿಸಿತೆಂದರೆ, ಬೆಳಕನ್ನು ಬಾಗಿಸುವ ಭಾಗದಲ್ಲಿಯೇ ಕೊರತೆಯಿದೆ ಎಂದರ್ಥ: ಆ ಭಾಗದ ಬೇರೆಬೇರೆ ಎಡೆಗಳು ಬೆಳಕನ್ನು ಬೇರೆಬೇರೆ ಬಿಂದುಗಳಿಗೆ ಕಳುಹಿಸುತ್ತಿವೆ, ರಂಧ್ರವು ಅವುಗಳಲ್ಲಿ ಒಂದು ಎಡೆಯನ್ನು ಮಾತ್ರ ಉಳಿಸಿಕೊಂಡು ಉಳಿದುದನ್ನು ಮುಚ್ಚಿದೆ. ಹುಡುಗನನ್ನು ವಿಚಾರಿಸಲಾಗಿ, ಎರಡು ವರ್ಷಗಳಲ್ಲಿ ಮೂರು ಸಲ ಕನ್ನಡಕ ಬದಲಾಯಿಸಿದ್ದನೆಂದೂ, ಪ್ರತಿ ಸಲವೂ ಕನ್ನಡಕದ ಅಂಗಡಿಯಲ್ಲಿ "ಆಕ್ಸಿಸ್ ತಿರುಗಿದೆ" ಎಂದಷ್ಟೇ ಹೇಳಿದರೆಂದೂ, ಚಿಕ್ಕಂದಿನಿಂದ ಕಣ್ಣು ತುರಿಸುವ ಅಲರ್ಜಿಯಿದ್ದು ಸದಾ ಕಣ್ಣುಜ್ಜುವ ಅಭ್ಯಾಸವಿದೆಯೆಂದೂ ತಿಳಿದುಬಂದಿತು. ಇಷ್ಟನ್ನು ಕೇಳಿದ ಮೇಲೆ ನನಗೆ ಹೆದರಿಕೆಯಾಯಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ. ನಾನು ವೈದ್ಯನಲ್ಲ, ಆದರೆ ದೃಗ್ವಿಜ್ಞಾನವನ್ನು ಪಾಠ ಮಾಡುವವನು ಕೆರಟೋಕೋನಸ್ ಎಂಬ ಹೆಸರನ್ನು ಕೇಳಿರದೆ ಇರುವುದಿಲ್ಲ.

ನಾವು ಕರಿಗುಡ್ಡೆ ಎಂದು ಕರೆಯುವ ಭಾಗದ ಮೇಲೆ, ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪೊರೆಯೇ ಕಾರ್ನಿಯ. ಅದರ ಅಗಲ ಸುಮಾರು 12 ಮಿಲಿಮೀಟರ್, ನಡುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಅಥವಾ 540 ಮೈಕ್ರಾನ್. ರಕ್ತನಾಳಗಳಿಲ್ಲದ ಈ ಪೊರೆಯು ತನಗೆ ಬೇಕಾದ ಆಮ್ಲಜನಕದ ಬಹುಭಾಗವನ್ನು ನೇರವಾಗಿ ಗಾಳಿಯಿಂದಲೇ ಪಡೆಯುತ್ತದೆ. ಕಣ್ಣೊಳಗಿನ ಮಸೂರವೇ ಬೆಳಕನ್ನು ಕೇಂದ್ರೀಕರಿಸುವ ಮುಖ್ಯ ಅಂಗವೆಂದು ಬಹುಮಂದಿ ನಂಬಿದ್ದಾರೆ, ಇದು ಸರಿಯಲ್ಲ. ಕಣ್ಣಿನ ಒಟ್ಟು ಸಾಮರ್ಥ್ಯ ಸುಮಾರು 60 ಡಯಾಪ್ಟರ್ ಆದರೆ, ಅದರಲ್ಲಿ 43 ಡಯಾಪ್ಟರ್‌ಗಳಷ್ಟು ಕಾರ್ನಿಯದ್ದೇ. ಒಳಗಿನ ಮಸೂರವು ಸೂಕ್ಷ್ಮ ಹೊಂದಾಣಿಕೆಯನ್ನು ಮಾಡುತ್ತದೆ. ಆದುದರಿಂದ ಕಾರ್ನಿಯದ ಆಕಾರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನೋಟವು ಕೆಡುತ್ತದೆ.

ಕೆರಟೋಕೋನಸ್ ರೋಗದಲ್ಲಿ ಈ ಪೊರೆ ಒಂದೆಡೆ, ಸಾಮಾನ್ಯವಾಗಿ ನಡುವಿಗಿಂತ ತುಸು ಕೆಳಗೆ, ಕ್ರಮೇಣ ತೆಳುವಾಗುತ್ತ ಮುಂದಕ್ಕೆ ಉಬ್ಬಿ ಶಂಕುವಿನ ಆಕಾರವನ್ನು ತಾಳುತ್ತದೆ. ಗ್ರೀಕ್ ಭಾಷೆಯಲ್ಲಿ 'ಕೆರಾಸ್' ಎಂದರೆ ಕೊಂಬು, 'ಕೋನೋಸ್' ಎಂದರೆ ಶಂಕು. ಲಿವರ್‌ಪೂಲಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲಿ ಈ ರೋಗವನ್ನು ಕುರಿತು ಒಂದು ಗ್ರಂಥವನ್ನೇ ಬರೆದನು. ಈಗಿನ ಹೆಸರು 1869ರಲ್ಲಿ ಹಾರ್ನರ್ ಎಂಬಾತನ ಪ್ರಬಂಧದಿಂದ ಬಳಕೆಗೆ ಬಂದಿತು. ರೋಗವು ತಲೆದೋರುವುದು ಬಹುಮಟ್ಟಿಗೆ ಹದಿಹರೆಯದಲ್ಲಿ. ಮೂವತ್ತು ನಲವತ್ತರ ವಯಸ್ಸಿಗೆ ತಾನಾಗಿಯೇ ನಿಲ್ಲುವುದೂ ಉಂಟು. ಎಂದರೆ, ಓದುವ ವಯಸ್ಸಿನಲ್ಲಿ ಪ್ರಾರಂಭವಾಗಿ, ಆ ವಯಸ್ಸನ್ನು ಪೂರ್ತಿಯಾಗಿ ಆಕ್ರಮಿಸಿಕೊಂಡು, ಅನಂತರ ನಿಲ್ಲುವ ರೋಗವಿದು. ಕಣ್ಣು ಕೆಂಪಾಗುವುದಿಲ್ಲ, ನೋವಿಲ್ಲ. ಕೆಲವರಲ್ಲಿ ವಂಶದ ಸಂಬಂಧವಿದೆ. ಅಲರ್ಜಿ ಮತ್ತು ಕಣ್ಣುಜ್ಜುವ ಅಭ್ಯಾಸಗಳೊಂದಿಗೆ ಇದಕ್ಕಿರುವ ನಂಟು ಬಲವಾದುದು.

ಉಬ್ಬು ಹೆಚ್ಚುತ್ತ ಹೋಗುವುದೇಕೆ? ಸೈಕಲ್ಲಿನ ಹಳೆಯ ಟ್ಯೂಬಿಗೆ ಗಾಳಿ ತುಂಬುವಾಗ ಸವೆದ ಜಾಗದಲ್ಲಿ ಮಾತ್ರ ಗುಳ್ಳೆಯೇಳುವುದನ್ನು ನೋಡದವರಿಲ್ಲ. ಗೋಳಾಕಾರದ ತೆಳುಗೋಡೆಯೊಂದರ ಒಳಗೆ ಒತ್ತಡವಿದ್ದಾಗ, ಗೋಡೆಯ ಮೇಲೆ ಬೀಳುವ ಎಳೆತವನ್ನು ಒಂದು ಸಣ್ಣ ಸೂತ್ರದಿಂದ ಕಂಡುಹಿಡಿಯಬಹುದು: ಒಳಗಿನ ಒತ್ತಡವನ್ನು ಗೋಳದ ತ್ರಿಜ್ಯದಿಂದ ಗುಣಿಸಿ, ದಪ್ಪದ ಎರಡರಷ್ಟರಿಂದ ಭಾಗಿಸಬೇಕು. ಕಣ್ಣೊಳಗಿನ ಒತ್ತಡ ಪಾದರಸದ 15 ಮಿಲಿಮೀಟರ್, ಅಂದರೆ ಸುಮಾರು 2,000 ಪ್ಯಾಸ್ಕಲ್. ತ್ರಿಜ್ಯ 7.8, ದಪ್ಪ 0.54 ಮಿಲಿಮೀಟರ್ ಎಂದಿಟ್ಟುಕೊಂಡರೆ ಎಳೆತ 14,400 ಪ್ಯಾಸ್ಕಲ್‌ನಷ್ಟಾಗುತ್ತದೆ. ಒಂದೆಡೆ ದಪ್ಪವು 0.45ಕ್ಕೆ ಇಳಿಯಿತೆನ್ನೋಣ, ಅಲ್ಲಿ ಎಳೆತ 17,300 ಆಗುವುದು. ಮೊದಲೇ ದುರ್ಬಲವಾದ ಎಡೆಯ ಮೇಲೆ ಐದರಲ್ಲೊಂದು ಪಾಲು ಹೆಚ್ಚಿನ ಭಾರ! ಅದು ಇನ್ನಷ್ಟು ಹಿಗ್ಗುತ್ತದೆ, ಹಿಗ್ಗಿ ಇನ್ನಷ್ಟು ತೆಳುವಾಗುತ್ತದೆ. ನಿಜವಾದ ಕಾರ್ನಿಯವು ರಬ್ಬರಿನಂತಲ್ಲ. ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಜೋಡಿಸಿ ಮಾಡಿದ ನೂರಾರು ಹಾಳೆಗಳ ಪೇರಿಕೆಯದು. ಆದಕಾರಣ ಈ ಲೆಕ್ಕವನ್ನು ದಿಕ್ಕು ತೋರಿಸುವ ಕೈಮರವೆಂದು ಮಾತ್ರ ಭಾವಿಸಬೇಕು.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಮುಂದಿನ ವಾರ ಹುಡುಗನೂ ಅವನ ತಂದೆತಾಯಿಗಳೂ ನಗರದ ಕಣ್ಣಿನ ಆಸ್ಪತ್ರೆಯೊಂದಕ್ಕೆ ಹೋದಾಗ ನಾನೂ ಜೊತೆಗಿದ್ದೆ. ವೈದ್ಯರು ಯಂತ್ರಗಳ ಬಳಿಗೆ ಹೋಗುವ ಮೊದಲು ಬಹಳ ಹೊತ್ತು ಪ್ರಶ್ನೆಗಳನ್ನೇ ಕೇಳಿದರು. ಕನ್ನಡಕದ ನಂಬರು ಯಾವಾಗ ಎಷ್ಟಿತ್ತು, ರಾತ್ರಿ ಬೀದಿದೀಪಗಳಿಗೆ ಬಾಲ ಕಾಣುವುದೆ, ಯಾವ ಕೈಯಿಂದ ಯಾವ ಕಣ್ಣನ್ನು ಹೆಚ್ಚು ಉಜ್ಜುತ್ತೀಯೆ, ಯಾವ ಮಗ್ಗುಲಾಗಿ ಮಲಗುತ್ತೀಯೆ, ಮನೆಯಲ್ಲಿ ಇನ್ನಾರಿಗಾದರೂ ಹೀಗಿದೆಯೆ—ಹೀಗೆ. ಹಳೆಯ ಮೂರು ಕನ್ನಡಕದ ಚೀಟಿಗಳನ್ನು ತಾಯಿ ಜೋಪಾನವಾಗಿಟ್ಟಿದ್ದರು. ವೈದ್ಯರಿಗೆ ಅವು ಯಂತ್ರದ ಚಿತ್ರದಷ್ಟೇ ಬೆಲೆಯುಳ್ಳವಾದುವು. ಅನಂತರ 6 ಮೀಟರ್ ದೂರದ ಅಕ್ಷರಫಲಕ. ಎಡಗಣ್ಣು, ಒಳ್ಳೆಯ ಕನ್ನಡಕ ಹಾಕಿದ ಮೇಲೂ, 12 ಮೀಟರಿನಿಂದ ಓದಬಲ್ಲಂಥ ದೊಡ್ಡ ಅಕ್ಷರಗಳನ್ನು ಮಾತ್ರ 6 ಮೀಟರಿನಿಂದ ಓದಿತು. ಕಣ್ಣಿನೊಳಗೆ ಬೆಳಕಿನ ಪಟ್ಟಿಯನ್ನು ಹಾಯಿಸಿ ಪ್ರತಿಫಲನವನ್ನು ನೋಡುವ ರೆಟಿನೋಸ್ಕೋಪ್ ಎಂಬ ಚಿಕ್ಕ ಸಾಧನವಿದೆ. ಆರೋಗ್ಯವಂತ ಕಣ್ಣಿನಲ್ಲಿ ಪ್ರತಿಫಲನವು ಒಂದೇ ಪಟ್ಟಿಯಾಗಿ ಸರಿಯುತ್ತದೆ. ಈ ರೋಗದಲ್ಲಿ ಎರಡಾಗಿ, ಕತ್ತರಿಯ ಅಲಗುಗಳಂತೆ ತೆರೆದು ಮುಚ್ಚುತ್ತದೆ. ಬಹಳ ದುಬಾರಿಯಾದ ಯಂತ್ರವಿಲ್ಲದ ಊರಿನಲ್ಲಿಯೂ ಈ ಕತ್ತರಿಯಾಟವನ್ನು ಕಂಡ ಪರೀಕ್ಷಕನು ರೋಗವನ್ನು ಸಂದೇಹಿಸಬಲ್ಲನು. ರೋಗ ಬಲಿತ ಮೇಲೆ ಕಾಣುವ ಗುರುತುಗಳು ಬೇರೆ ಇವೆ: ಕೆಳಗೆ ನೋಡಿದಾಗ ಕೆಳರೆಪ್ಪೆಯ ಅಂಚು ಶಂಕುವಿನ ಮೇಲೆ ಬಾಗಿ ಆಂಗ್ಲರ 'ವಿ' ಅಕ್ಷರದಂತಾಗುವುದು, ಶಂಕುವಿನ ಬುಡದ ಸುತ್ತ ಕಬ್ಬಿಣದ ಅಂಶ ನೆಲೆಸಿ ಕಂದು ಬಳೆ ಮೂಡುವುದು. ಈ ಗುರುತುಗಳು ಕಾಣುವವರೆಗೆ ಕಾಯುವುದು ಮಾತ್ರ ತಡವಾದ ಕೆಲಸ.

ಕಾರ್ನಿಯದ ಉಬ್ಬನ್ನು ಮುಟ್ಟದೆ ಅಳೆಯುವುದು ಹೇಗೆ? ಇಲ್ಲಿ ಪ್ರೌಢಶಾಲೆಯ ಪೀನದರ್ಪಣದ ಪಾಠವೇ ನೆರವಾಗುತ್ತದೆ. ಕಣ್ಣೀರಿನಿಂದ ಒದ್ದೆಯಾದ ಕಾರ್ನಿಯವು ಬೆಳಕಿನ ಅಲ್ಪಭಾಗವನ್ನು ಪ್ರತಿಫಲಿಸುವ ಪೀನದರ್ಪಣ. ದರ್ಪಣವು ಹೆಚ್ಚು ಬಾಗಿದಷ್ಟೂ ಅದರಲ್ಲಿ ಕಾಣುವ ಬಿಂಬವು ಚಿಕ್ಕದು. 20 ಸೆಂಟಿಮೀಟರ್ ವ್ಯಾಸದ ಬಿಳಿಯ ಉಂಗುರವನ್ನು ಕಣ್ಣಿನಿಂದ 30 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ, 7.8 ಮಿಲಿಮೀಟರ್ ತ್ರಿಜ್ಯದ ಕಾರ್ನಿಯದಲ್ಲಿ ಅದರ ಬಿಂಬವು ಸುಮಾರು 2.6 ಮಿಲಿಮೀಟರ್ ಇರುವುದು. 6 ಮಿಲಿಮೀಟರ್ ತ್ರಿಜ್ಯದ ಕಾರ್ನಿಯದಲ್ಲಿ 2 ಮಿಲಿಮೀಟರ್ ಮಾತ್ರ. ಪೋರ್ಚುಗಲ್ ದೇಶದ ಪ್ಲಾಸಿಡೊ ಎಂಬ ನೇತ್ರವೈದ್ಯನು 1880ರ ಸುಮಾರಿಗೆ, ಒಂದರೊಳಗೊಂದರಂತೆ ಕಪ್ಪುಬಿಳುಪು ಉಂಗುರಗಳನ್ನು ಬರೆದ ಬಿಲ್ಲೆಯ ನಡುವೆ ತೂತು ಮಾಡಿ, ಅದರಲ್ಲಿ ಇಣುಕಿ ರೋಗಿಯ ಕಣ್ಣಿನಲ್ಲಿ ಮೂಡಿದ ಉಂಗುರಗಳನ್ನು ನೋಡಿದನು. ಉಂಗುರಗಳು ಸಮದೂರದಲ್ಲಿ ದುಂಡಗಿದ್ದರೆ ಮೇಲ್ಮೈ ಸರಿಯಾಗಿದೆ. ಕೆಳಗಡೆ ಒತ್ತೊತ್ತಾಗಿ ಸೇರಿ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅಲ್ಲಿ ಉಬ್ಬಿದೆ. ಇಂಥ ಬಿಲ್ಲೆಯನ್ನು ರಟ್ಟು ಮತ್ತು ಕಪ್ಪು ಮಸಿಯಿಂದ ಯಾವ ವಿದ್ಯಾರ್ಥಿಯಾದರೂ ಒಂದು ಸಂಜೆಯಲ್ಲಿ ಮಾಡಬಹುದು. ಗೆಳೆಯನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ, ಬಿಲ್ಲೆಯ ಮುಖಕ್ಕೆ ಬೆಳಕು ಬೀಳುವಂತೆ ಹಿಡಿದು ನೋಡಿದರೆ ಸಾಕು. ರೋಗ ನಿರ್ಣಯಕ್ಕೆಂದಲ್ಲ, ಬರಿಯ ವಿನೋದಕ್ಕೆ.

ತ್ರಿಜ್ಯದಿಂದ ಡಯಾಪ್ಟರನ್ನು ಪಡೆಯಲು ವೈದ್ಯರು 337.5 ಎಂಬ ಸಂಖ್ಯೆಯನ್ನು ಮಿಲಿಮೀಟರಿನಲ್ಲಿರುವ ತ್ರಿಜ್ಯದಿಂದ ಭಾಗಿಸುತ್ತಾರೆ. 7.8ಕ್ಕೆ 43.3 ಡಯಾಪ್ಟರ್, 7.5ಕ್ಕೆ 45, 6.25ಕ್ಕೆ 54. ಕಾರ್ನಿಯದ ನಿಜವಾದ ವಕ್ರೀಭವನಾಂಕ 1.376 ಆಗಿರುವಾಗ ಈ ಸಂಖ್ಯೆ ಎಲ್ಲಿಂದ ಬಂದಿತೆಂದು ಚುರುಕಾದ ವಿದ್ಯಾರ್ಥಿ ಕೇಳಬಹುದು. ಹಿಂಬದಿಯ ಮೇಲ್ಮೈ ಸುಮಾರು 6 ಡಯಾಪ್ಟರ್‌ಗಳಷ್ಟನ್ನು ಕಳೆಯುತ್ತದೆ. ಮುಂಬದಿಯನ್ನು ಮಾತ್ರ ಅಳೆದು ಒಟ್ಟು ಫಲವನ್ನು ಊಹಿಸಲು 1.3375 ಎಂಬ ಹೊಂದಾಣಿಕೆಯ ಸಂಖ್ಯೆಯನ್ನು ಹಿಂದಿನವರು ಇಟ್ಟುಕೊಂಡರು, ಅದೇ ಉಳಿದುಬಂದಿದೆ. ಆರೋಗ್ಯವಾದ ಕಣ್ಣಿಗೆ ಈ ಹೊಂದಾಣಿಕೆ ಸಾಕು. ಶಂಕುವಾದ ಕಣ್ಣಿನಲ್ಲಿ ಮುಂಬದಿಗೂ ಹಿಂಬದಿಗೂ ಇರುವ ಸಂಬಂಧವೇ ಕೆಟ್ಟಿರುವುದರಿಂದ ಇದು ಸಾಲದು. ಇದಲ್ಲದೆ, ಹಳೆಯ ಕೆರಟೋಮೀಟರ್ ನಡುವಿನ ಸುಮಾರು 3 ಮಿಲಿಮೀಟರ್ ವೃತ್ತದ ನಾಲ್ಕು ಬಿಂದುಗಳನ್ನಷ್ಟೇ ಅಳೆಯುತ್ತಿದ್ದಿತು. ಅದರ ಕೆಳಗಿರುವ ಶಂಕು ಅದರ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತಿದ್ದಿತು.

ಈ ಕೊರತೆಯನ್ನು ನೀಗಿದ ಯಂತ್ರದ ಮೂಲವು ಭೂಪಟ ರಚನೆಯಲ್ಲಿದೆ ಎಂಬುದು ಕುತೂಹಲದ ಸಂಗತಿ. ಆಸ್ಟ್ರಿಯದ ಸೇನಾಧಿಕಾರಿ ಥಿಯೋಡರ್ ಶೈಮ್‌ಫ್ಲೂಗ್ ಎಂಬಾತನು ಆಕಾಶದಿಂದ ತೆಗೆದ ಓರೆಯಾದ ಛಾಯಾಚಿತ್ರಗಳನ್ನು ನೆಟ್ಟಗೆ ಮಾಡಿ ನಕ್ಷೆ ತಯಾರಿಸಲು, ಕ್ಯಾಮರದ ಮಸೂರವನ್ನೂ ಫಲಕವನ್ನೂ ಒಂದು ನಿರ್ದಿಷ್ಟ ಕೋನದಲ್ಲಿ ಓರೆಯಾಗಿಡುವ ವಿಧಾನವನ್ನು 1904ರಲ್ಲಿ ಪ್ರಕಟಪಡಿಸಿದನು. ಹಾಗಿಟ್ಟಾಗ ಓರೆಯಾದ ಸಮತಲವು ಆದ್ಯಂತ ಸ್ಫುಟವಾಗಿ ಮೂಡುತ್ತದೆ. ಇಂದಿನ ಯಂತ್ರದಲ್ಲಿ ನೀಲಿ ಬೆಳಕಿನ ಸೀಳು ಕಾರ್ನಿಯವನ್ನು ನಿಂಬೆಯ ಹೋಳಿನಂತೆ ಸೀಳಿ ತೋರಿಸುತ್ತಿರುವಾಗ, ಓರೆಯಾದ ಕ್ಯಾಮರವು ಕಣ್ಣಿನ ಸುತ್ತ ತಿರುಗಿ ಸುಮಾರು ಎರಡು ಸೆಕೆಂಡುಗಳಲ್ಲಿ ಹತ್ತಾರು ಚಿತ್ರಗಳನ್ನು ತೆಗೆಯುತ್ತದೆ. ಅವುಗಳಿಂದ ಮುಂಬದಿ, ಹಿಂಬದಿ, ದಪ್ಪ ಮೂರನ್ನೂ ಗಣಕವು ಲೆಕ್ಕ ಹಾಕಿ ಬಣ್ಣದ ನಕ್ಷೆಗಳನ್ನು ಕೊಡುತ್ತದೆ. ಮಲೆನಾಡಿನವರಾದ ನಮಗೆ ಈ ನಕ್ಷೆಗಳು ಅಪರಿಚಿತವಲ್ಲ. ಕೊಡಚಾದ್ರಿ 1,343 ಮೀಟರ್ ಎತ್ತರವಿದೆ ಎನ್ನುವಾಗ ಸಮುದ್ರಮಟ್ಟದಿಂದ ಅಳೆಯುತ್ತೇವೆ. ಕಾರ್ನಿಯದಲ್ಲಿ, ಅದಕ್ಕೆ ಅತ್ಯಂತ ಹತ್ತಿರವಾಗಿ ಹೊಂದುವ ಗೋಳವೊಂದನ್ನು ಸಮುದ್ರಮಟ್ಟವೆಂದು ಭಾವಿಸಿ, ಅದರಿಂದ ಮೇಲೆದ್ದ ದಿಬ್ಬವನ್ನು ಮೈಕ್ರಾನುಗಳಲ್ಲಿ ಅಳೆಯುತ್ತಾರೆ. ಬೆಟ್ಟದ ಎತ್ತರ ಬೇರೆ, ಕಡಿದು ಬೇರೆ. ಅಂತೆಯೇ ಎತ್ತರದ ನಕ್ಷೆಯೂ ಬಾಗಿನ ನಕ್ಷೆಯೂ ಬೇರೆಬೇರೆ.

ಅನೇಕ ವೇಳೆ ದಿಬ್ಬವು ಮೊದಲು ಗೋಚರಿಸುವುದು ಹಿಂಬದಿಯಲ್ಲಿ. ಏಕೆಂದರೆ ಕಾರ್ನಿಯದ ಹೊರಮುಖಕ್ಕೆ ಸುಮಾರು 50 ಮೈಕ್ರಾನ್ ದಪ್ಪದ ಜೀವಕೋಶಗಳ ಮೇಲ್ಪೊರೆಯೊಂದಿದೆ. ಉಬ್ಬಿದ ಗೋಡೆಗೆ ಗಾರೆ ಬಳಿಯುವವನು ಉಬ್ಬಿನ ಮೇಲೆ ತೆಳುವಾಗಿಯೂ ಸುತ್ತ ದಪ್ಪವಾಗಿಯೂ ಬಳಿದು ದೋಷವನ್ನು ಮರೆಮಾಡುವಂತೆ, ಈ ಮೇಲ್ಪೊರೆಯೂ ಶಂಕುವಿನ ತುದಿಯಲ್ಲಿ ತೆಳುವಾಗಿ ಅದರ ಸುತ್ತ ದಪ್ಪಗಾಗಿ ಮುಂಬದಿಯನ್ನು ನಯವಾಗಿ ತೋರಿಸುತ್ತದೆ. ಹಿಂಬದಿಗೆ ಹಾಗೆ ಮರೆಮಾಡುವವರಿಲ್ಲ.

ಹುಡುಗನ ಎಡಗಣ್ಣಿನ ಅತಿ ಕಡಿದಾದ ಎಡೆಯ ಬಾಗು 51.2 ಡಯಾಪ್ಟರ್, ಅತಿ ತೆಳುವಾದ ಎಡೆಯ ದಪ್ಪ 468 ಮೈಕ್ರಾನ್. ಬಲಗಣ್ಣು 45.6 ಮತ್ತು 505. ರೋಗವು ಸಾಮಾನ್ಯವಾಗಿ ಎರಡೂ ಕಣ್ಣುಗಳನ್ನು ಹಿಡಿಯುತ್ತದೆ, ಆದರೆ ಸಮನಾಗಿ ಅಲ್ಲ. ರೋಗವಿರುವುದು ಸ್ಪಷ್ಟವಾಯಿತು. ವೈದ್ಯರು ಅಲರ್ಜಿಗೆ ಹನಿಮದ್ದು ಬರೆದು, ಕಣ್ಣುಜ್ಜುವುದನ್ನು ಇಂದಿನಿಂದಲೇ ಬಿಡಬೇಕೆಂದು ಕಟ್ಟುನಿಟ್ಟಾಗಿ ಹೇಳಿ, ನಾಲ್ಕು ತಿಂಗಳ ನಂತರ ಬರುವಂತೆ ತಿಳಿಸಿದರು. ಹೊರಗೆ ಬಂದಾಗ ತಾಯಿ ನನ್ನನ್ನು ಕೇಳಿದರು: "ಮೇಷ್ಟ್ರೇ, ರೋಗ ಇದೆ ಅಂತ ಗೊತ್ತಾದ ಮೇಲೂ ಕಾಯೋದು ಯಾಕೆ?"

ಉತ್ತರವನ್ನು ನನಗಿಂತ ಚೆನ್ನಾಗಿ ಹೇಳಿದವರು ತಂದೆ. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆದ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. "ಕೊಳವೆಯ ದಪ್ಪ ಒಂದು ಸಲ ಅಳೆದರೆ ಎಷ್ಟು ತೆಳುವಾಗಿದೆ ಅಂತ ತಿಳಿಯುತ್ತೆ. ಎಷ್ಟು ಬೇಗ ಸವೀತಾ ಇದೆ ಅಂತ ತಿಳೀಬೇಕಾದರೆ ಇನ್ನೊಂದು ಸಲ ಅಳೀಲೇಬೇಕು" ಎಂದರು.

ಈ ಮಾತೇ ಇಡೀ ವಿಷಯದ ತಿರುಳು. ಒಂದು ಅಳತೆಯಿಂದ ಆಕಾರ ತಿಳಿಯುತ್ತದೆ. ರೋಗವು ಬೆಳೆಯುತ್ತಿದೆಯೆ ಎಂಬುದು ಎರಡು ಅಳತೆಗಳ ವ್ಯತ್ಯಾಸದಿಂದ ಮಾತ್ರ ತಿಳಿಯುತ್ತದೆ. ಆದರೆ ವ್ಯತ್ಯಾಸವೆಂಬುದು ಮೋಸಗಾರ. ಅದೇ ಕಣ್ಣನ್ನು ಅದೇ ಯಂತ್ರದಲ್ಲಿ ಐದು ನಿಮಿಷ ಬಿಟ್ಟು ಅಳೆದರೂ ಉತ್ತರಗಳು ಒಂದೇ ಆಗಿರುವುದಿಲ್ಲ. ಕಣ್ಣೀರಿನ ಪೊರೆ ಒಣಗಿರಬಹುದು, ಗದ್ದ ಕದಲಿರಬಹುದು, ರೆಪ್ಪೆ ಅರ್ಧ ಮುಚ್ಚಿರಬಹುದು. ಒಂದೊಂದು ಅಳತೆಗೂ 0.4 ಡಯಾಪ್ಟರ್‌ನಷ್ಟು ಅನಿಶ್ಚಿತತೆಯಿದೆ ಎಂದು ಭಾವಿಸೋಣ. ಎರಡು ಅಳತೆಗಳ ವ್ಯತ್ಯಾಸದ ಅನಿಶ್ಚಿತತೆ ಅದರ ಎರಡರಷ್ಟಲ್ಲ, 2ರ ವರ್ಗಮೂಲದಷ್ಟು, ಎಂದರೆ 0.57 ಆಗುತ್ತದೆ. ಇದರ ಎರಡು ಪಟ್ಟನ್ನು, ಅಂದರೆ ಸುಮಾರು 1.1 ಡಯಾಪ್ಟರನ್ನು ಮೀರಿದ ಬದಲಾವಣೆಯನ್ನು ಮಾತ್ರ ನಾವು ನಂಬಬಹುದು. ಒಂದು ವರ್ಷದಲ್ಲಿ 1 ಡಯಾಪ್ಟರ್ ಹೆಚ್ಚಿದರೆ ರೋಗ ಬೆಳೆದಿದೆ ಎಂದು ಎಣಿಸುವ ವಾಡಿಕೆ ವೈದ್ಯರಲ್ಲಿ ಬಹುಕಾಲದಿಂದ ಇರುವುದಕ್ಕೆ ಇಂಥ ಲೆಕ್ಕ ಚೆನ್ನಾಗಿ ಹೊಂದುತ್ತದೆ. ತೊಡಕೇನೆಂದರೆ, ರೋಗ ಬಲಿತಷ್ಟೂ ಮೇಲ್ಮೈ ಅಂಕುಡೊಂಕಾಗಿ ಅನಿಶ್ಚಿತತೆಯೂ ಹೆಚ್ಚುತ್ತದೆ. ಸೌಮ್ಯ ರೋಗಕ್ಕೆ ತಕ್ಕ ಅಳತೆಗೋಲು ಬಲಿತ ರೋಗಕ್ಕೆ ತಕ್ಕುದಲ್ಲ. ಪ್ರಪಂಚದ ನಾನಾ ದೇಶಗಳ ತಜ್ಞರು ಕೂಡಿ 2015ರಲ್ಲಿ ಪ್ರಕಟಿಸಿದ ಒಮ್ಮತದಲ್ಲಿ, ಮುಂಬದಿ ಕಡಿದಾಗುವುದು, ಹಿಂಬದಿ ಕಡಿದಾಗುವುದು, ಪೊರೆ ತೆಳುವಾಗುವುದು—ಈ ಮೂರರಲ್ಲಿ ಎರಡಾದರೂ, ಅಳತೆಯ ದೋಷವನ್ನು ಮೀರಿ, ಕಂಡುಬರಬೇಕೆಂದು ಹೇಳಿದೆ. ಸ್ವತಂತ್ರವಾದ ಎರಡು ಸಾಕ್ಷಿಗಳು ಒಂದೇ ಮಾತನ್ನು ಹೇಳಿದರೆ ನಂಬಿಕೆ ಹೆಚ್ಚುವುದು ನ್ಯಾಯಾಲಯದಲ್ಲಿ ಮಾತ್ರವಲ್ಲ.

ಅಳತೆಯನ್ನು ಕೆಡಿಸುವ ಇನ್ನೊಂದು ಸಂಗತಿ ಕಾಂಟ್ಯಾಕ್ಟ್ ಲೆನ್ಸ್. ಕಣ್ಣಿನ ಮೇಲೆ ಕುಳಿತಿರುವ ಲೆನ್ಸು ಕಾರ್ನಿಯವನ್ನು ತನ್ನ ಆಕಾರಕ್ಕೆ ತುಸು ಒತ್ತಿಡುತ್ತದೆ. ಆದುದರಿಂದ ಪರೀಕ್ಷೆಗೆ ಮೊದಲು ವೈದ್ಯರು ಹೇಳಿದಷ್ಟು ದಿನ, ಕೆಲವೊಮ್ಮೆ ವಾರಗಟ್ಟಲೆ, ಅದನ್ನು ತೆಗೆದಿಡಬೇಕು. ಬೇರೆಬೇರೆ ಮಾದರಿಯ ಯಂತ್ರಗಳ ಅಂಕಿಗಳನ್ನು ಒಂದರೊಡನೊಂದು ಕಳೆಯುವುದೂ ತಪ್ಪು. ಭದ್ರಾವತಿಯ ತಕ್ಕಡಿಯಲ್ಲಿ ಒಮ್ಮೆ, ಶಿವಮೊಗ್ಗದ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿ ಮಗು ಬೆಳೆದಿದೆ ಎಂದಂತಾಗುತ್ತದೆ.

ಅಳತೆಯ ಆಯ್ಕೆಯೇ ರೋಗದ ಎಣಿಕೆಯನ್ನು ಹೇಗೆ ಬದಲಿಸುತ್ತದೆ ಎಂಬುದಕ್ಕೂ ನಿದರ್ಶನವಿದೆ. ಅಮೆರಿಕದ ಮಿನೆಸೋಟದಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನವು ಲಕ್ಷ ಜನರಲ್ಲಿ ಸುಮಾರು 54 ಮಂದಿಗೆ ಈ ರೋಗವಿದೆ ಎಂದಿತು. ನಾಗಪುರದ ಸುತ್ತಲಿನ ಹಳ್ಳಿಗಳಲ್ಲಿ 30 ವರ್ಷ ಮೀರಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯು ನೂರಕ್ಕೆ 2.3 ಮಂದಿಗೆ ಎಂದಿತು. ಸುಮಾರು ನಲವತ್ತು ಪಟ್ಟು ಅಂತರ! ಆದರೆ ಎರಡನೆಯದರಲ್ಲಿ, ಕಾರ್ನಿಯದ ಬಾಗು 48 ಡಯಾಪ್ಟರ್ ಅಥವಾ ಮೇಲಿದ್ದವರನ್ನೆಲ್ಲ ರೋಗಿಗಳೆಂದು ಎಣಿಸಲಾಗಿತ್ತು. ಹುಟ್ಟಿನಿಂದಲೇ ಚಿಕ್ಕದಾದ, ಕಡಿದಾದ, ಆದರೆ ಆರೋಗ್ಯವಾದ ಕಣ್ಣುಗಳೂ ಆ ಬಲೆಯಲ್ಲಿ ಬಿದ್ದಿರಬಹುದು. ಭಾರತೀಯರಲ್ಲಿ ರೋಗವು ಹೆಚ್ಚೆಂಬುದು ನಿಜವಿದ್ದೀತು; ನಲವತ್ತು ಪಟ್ಟು ಎಂಬುದನ್ನು ಮಾತ್ರ ನಾನು ಒಪ್ಪಲಾರೆ.

ನಾಲ್ಕು ತಿಂಗಳ ನಂತರ ಹುಡುಗನ ಎಡಗಣ್ಣು 51.8 ಡಯಾಪ್ಟರ್, 465 ಮೈಕ್ರಾನ್ ತೋರಿಸಿತು. 0.6 ಡಯಾಪ್ಟರ್ ಹೆಚ್ಚಳ: ರೋಗದ ಬೆಳವಣಿಗೆಯೂ ಇರಬಹುದು, ಯಂತ್ರದ ಚಾಂಚಲ್ಯವೂ ಇರಬಹುದು. ಇಲ್ಲಿ ವೈದ್ಯನ ಮುಂದೆ ಎರಡು ತಪ್ಪುಗಳ ದಾರಿಯಿದೆ. ನಿಂತಿರುವ ರೋಗಕ್ಕೆ ಚಿಕಿತ್ಸೆ ಮಾಡಿ ಕಣ್ಣಿಗೆ ಅನಾವಶ್ಯಕ ಅಪಾಯ ತರುವುದು ಒಂದು. ಬೆಳೆಯುತ್ತಿರುವ ರೋಗವನ್ನು ನೋಡುತ್ತ ಕೂತು ದೃಷ್ಟಿಯನ್ನು ಕಳೆಯುವುದು ಇನ್ನೊಂದು. ಚಿಕ್ಕ ಮಕ್ಕಳಲ್ಲಿ ರೋಗವು ವೇಗವಾಗಿ ಹೋಗುವುದರಿಂದ ಅನೇಕ ವೈದ್ಯರು ಎರಡನೆಯ ಅಳತೆಗೆ ಕಾಯದೆಯೇ ಚಿಕಿತ್ಸೆ ಮಾಡುತ್ತಾರೆ; ನಲವತ್ತು ದಾಟಿದವರಲ್ಲಿ ವರ್ಷಕ್ಕೊಮ್ಮೆ ನೋಡಿದರೂ ನಡೆಯುತ್ತದೆ. ಇಪ್ಪತ್ತರ ಹುಡುಗ ಇವೆರಡರ ನಡುವಿನವನು. ಇನ್ನೂ ನಾಲ್ಕು ತಿಂಗಳು ಕಾಯುವುದೆಂದಾಯಿತು. ಮೂರನೆಯ ಅಳತೆ 52.9 ಡಯಾಪ್ಟರ್, 451 ಮೈಕ್ರಾನ್. ಹಿಂಬದಿಯ ದಿಬ್ಬವೂ ಏರಿದ್ದಿತು. ಇನ್ನು ಸಂದೇಹಕ್ಕೆಡೆಯಿರಲಿಲ್ಲ. ಆದರೆ ಅಷ್ಟರಲ್ಲಿ ಅಕ್ಷರಫಲಕದ ಇನ್ನೊಂದು ಸಾಲು ಅವನ ಎಡಗಣ್ಣಿಗೆ ಕಾಣದಂತಾಗಿತ್ತು. ನಿಶ್ಚಯಕ್ಕಾಗಿ ತೆತ್ತ ಬೆಲೆ ಅದು. ಮೊದಲೇ ಮಾಡಬಹುದಿತ್ತಲ್ಲವೆ ಎಂದು ನಾನು ಆಗಾಗ ಯೋಚಿಸಿದ್ದೇನೆ. ಎರಡನೆಯ ಅಳತೆಯ ದಿನ ಕೈಯಲ್ಲಿದ್ದ ಅಂಕಿಗಳನ್ನು ಮುಂದಿಟ್ಟುಕೊಂಡರೆ, ವೈದ್ಯರ ನಿರ್ಧಾರವನ್ನು ತಪ್ಪೆನ್ನಲು ನನ್ನಿಂದಾಗುವುದಿಲ್ಲ.

ರೋಗವನ್ನು ನಿಲ್ಲಿಸುವ ಚಿಕಿತ್ಸೆ 2003ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರದ ವೈದ್ಯವಿಜ್ಞಾನಿಗಳಿಂದ ಪ್ರಕಟವಾಯಿತು. ಮೇಲ್ಪೊರೆಯನ್ನು ತೆಗೆದು, ರೈಬೋಫ್ಲಾವಿನ್, ಅಂದರೆ ಹಾಲಿನಲ್ಲಿಯೂ ಇರುವ ಬಿ2 ಜೀವಸತ್ವದ ಹಳದಿ ದ್ರಾವಣವನ್ನು ಅರ್ಧ ಗಂಟೆ ಕಾಲ ತೊಟ್ಟಿಕ್ಕಿಸಿ, ಅನಂತರ ನೇರಳಾತೀತ ಕಿರಣವನ್ನು ಚದರ ಸೆಂಟಿಮೀಟರಿಗೆ 3 ಮಿಲಿವಾಟ್‌ನಂತೆ 30 ನಿಮಿಷ ಬೀರುತ್ತಾರೆ. 1,800 ಸೆಕೆಂಡುಗಳಿಂದ ಗುಣಿಸಿದರೆ 5.4 ಜೂಲ್. ಬೆಳಕನ್ನು ಹೀರಿದ ರೈಬೋಫ್ಲಾವಿನ್ ಕ್ರಿಯಾಶೀಲ ಆಮ್ಲಜನಕವನ್ನು ಹುಟ್ಟಿಸಿ, ಕೊಲಾಜನ್ ಎಳೆಗಳ ನಡುವೆ ಹೊಸ ಅಡ್ಡಕಟ್ಟುಗಳನ್ನು ಬೆಸೆಯುತ್ತದೆ. ಪೊರೆ ಬಿಗಿಯಾಗುತ್ತದೆ. ಕಿರಣವು ಒಳಗಿನ ಸೂಕ್ಷ್ಮ ಪದರಕ್ಕೆ ತಾಗದಂತಿರಲು ಕಾರ್ನಿಯವು ಕನಿಷ್ಠ 400 ಮೈಕ್ರಾನ್ ಇರಬೇಕೆಂಬುದು ಮೂಲ ವಿಧಾನದ ನಿಯಮ. ದಪ್ಪದ ಅಳತೆಗೆ ಇಷ್ಟು ಮಹತ್ವವೇಕೆಂದು ಇದರಿಂದ ತಿಳಿಯುತ್ತದೆ: ತಡ ಮಾಡಿದವನು ದೃಷ್ಟಿಯೊಂದಿಗೆ ಸುಲಭ ಚಿಕಿತ್ಸೆಯ ಅರ್ಹತೆಯನ್ನೂ ಕಳೆದುಕೊಳ್ಳಬಹುದು. ಈ ಚಿಕಿತ್ಸೆಯು ಬಹುಪಾಲು ಜನರಲ್ಲಿ ರೋಗವನ್ನು ಇದ್ದಲ್ಲಿಗೆ ನಿಲ್ಲಿಸುತ್ತದೆ. ಹೋದ ನೋಟವನ್ನು ಹಿಂದಕ್ಕೆ ತರುವುದು ಅದರ ಕೆಲಸವಲ್ಲ.

ಅದಕ್ಕೆ ಗಟ್ಟಿಯಾದ ಕಾಂಟ್ಯಾಕ್ಟ್ ಲೆನ್ಸ್ ಇದೆ. ಉಜ್ಜಿ ಮಂಕಾಗಿಸಿದ ಗಾಜಿನ ಮೇಲೆ ನೀರು ಸವರಿದರೆ ಆಚೆಯ ವಸ್ತು ಕಾಣತೊಡಗುವುದನ್ನು ನೀವು ನೋಡಿರಬಹುದು. ಲೆನ್ಸಿನ ಅಡಿಯಲ್ಲಿ ತುಂಬಿದ ಕಣ್ಣೀರಿನ ವಕ್ರೀಭವನಾಂಕ 1.336, ಕಾರ್ನಿಯದ್ದು 1.376, ಇವೆರಡೂ ಇಷ್ಟು ಹತ್ತಿರವಾಗಿರುವುದರಿಂದ ನಡುವಿನ ಏರುತಗ್ಗುಗಳು ಬೆಳಕಿನ ಪಾಲಿಗೆ ಬಹುಮಟ್ಟಿಗೆ ಇಲ್ಲದಂತೆಯೇ ಆಗುತ್ತವೆ. ಹೊರಗಿನ ನುಣುಪಾದ ಗೋಳವೇ ಹೊಸ ಕಾರ್ನಿಯದಂತೆ ಕೆಲಸ ಮಾಡುತ್ತದೆ.

ಲೆನ್ಸಿನಿಂದಲೂ ಆಗದಷ್ಟು ಕಲೆಗಟ್ಟಿದ ಕಣ್ಣಿಗೆ ಉಳಿಯುವುದು ಕಸಿ. ಇಲ್ಲಿಯೂ ಪೂರ್ಣ ದಪ್ಪವನ್ನು ಬದಲಿಸದೆ, ಒಳಪದರ ಚೆನ್ನಾಗಿದ್ದರೆ ಅದನ್ನು ಉಳಿಸಿಕೊಂಡು ಮುಂಭಾಗವನ್ನು ಮಾತ್ರ ಕೂರಿಸುವ ಕ್ರಮ ಬಂದಿದೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು, ಡಾ. ಭುಜಂಗ ಶೆಟ್ಟರ ನೇತೃತ್ವದಲ್ಲಿ, ಎರಡು ಕಾರ್ನಿಯಗಳನ್ನು ಪದರಗಳಾಗಿ ಬಿಡಿಸಿ, ಮುಂಪದರಗಳನ್ನು ಹೊರಭಾಗದ ರೋಗವಿದ್ದ ಇಬ್ಬರಿಗೂ ಒಳಪದರಗಳನ್ನು ಒಳಭಾಗದ ರೋಗವಿದ್ದ ಇಬ್ಬರಿಗೂ ಕೂರಿಸಿದರು. ಎರಡು ಕಣ್ಣು, ನಾಲ್ಕು ಜನ. ಅರ್ಧ ಮಿಲಿಮೀಟರ್ ದಪ್ಪದ ಪೊರೆಯನ್ನು ಪದರಪದರವಾಗಿ ಅಳೆಯಬಲ್ಲವರಾದ್ದರಿಂದಲೇ ಹೀಗೆ ಬಿಡಿಸಲೂ ಬಲ್ಲವರಾದರು.

ಕನ್ನಡಕವನ್ನು ಬಿಡಲೆಂದು ಲೇಸರ್ ಶಸ್ತ್ರಕ್ರಿಯೆಯನ್ನು ಬಯಸುವ ತರುಣ ತರುಣಿಯರಿಗೆ ಇಲ್ಲಿ ಒಂದು ಮಾತು ಹೇಳಬೇಕಾಗಿದೆ. ಆ ಶಸ್ತ್ರಕ್ರಿಯೆ ಕಾರ್ನಿಯವನ್ನು ಕೆತ್ತಿ ತೆಳುವಾಗಿಸುತ್ತದೆ. ಒಳಗೊಳಗೇ ಶಂಕುವಾಗುತ್ತಿರುವ ಕಣ್ಣಿಗೆ ಇದನ್ನು ಮಾಡಿದರೆ, ಮೇಲೆ ಹೇಳಿದ ಎಳೆತದ ಲೆಕ್ಕದಂತೆ, ಉಬ್ಬು ಧಾವಿಸಿ ಬೆಳೆಯಬಹುದು. ಶಸ್ತ್ರಕ್ರಿಯೆಗೆ ಮೊದಲು ಹಿಂಬದಿಯ ನಕ್ಷೆಯನ್ನೂ ದಪ್ಪದ ನಕ್ಷೆಯನ್ನೂ ತೆಗೆದು, "ನಿಮಗೆ ಇದು ಬೇಡ" ಎಂದು ಹೇಳಿ ಕಳುಹಿಸುವ ವೈದ್ಯರ ಮೇಲೆ ಮುನಿಸಿಕೊಳ್ಳಬಾರದು.

ನಮ್ಮ ಹುಡುಗನ ಎಡಗಣ್ಣಿಗೆ ಚಿಕಿತ್ಸೆಯಾಯಿತು. ನಾಲ್ಕು ದಿನ ಬಹಳ ನೋವಿತ್ತೆಂದು ಹೇಳಿದನು. ಮೊದಲ ಕೆಲವು ತಿಂಗಳು ಅಂಕಿಗಳು ಸುಧಾರಿಸುವ ಬದಲು ತುಸು ಕೆಟ್ಟಂತೆಯೇ ಕಂಡುವು. ಗಾಯ ಮಾಯುವ ಕಾಲದಲ್ಲಿ ಹಾಗಾಗುವುದುಂಟೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಅನಂತರ ಗಟ್ಟಿ ಲೆನ್ಸ್ ಬಂದಿತು. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಅವನಿಗೆ ಬಂದುದು ಸ್ಪೆಕ್ಟ್ರೋಮೀಟರ್ ಪ್ರಯೋಗವೇ. ಗ್ರೇಟಿಂಗ್ ಇಟ್ಟ ಮೇಲೆ ಎರಡನೆಯ ಕ್ರಮದಲ್ಲಿ ಅವನು ಕಂಡ ಎರಡು ಹಳದಿ ಗೆರೆಗಳು ಈ ಸಲ ನಿಜವಾಗಿಯೂ ಸೋಡಿಯಂನವೇ ಆಗಿದ್ದುವು. ಚಿಕಿತ್ಸೆಯಾಗಿ ಎರಡು ವರ್ಷಗಳಾದ ಮೇಲೆ ಎಡಗಣ್ಣಿನ ಅಳತೆ ಹಿಂದಿನ ವರ್ಷದ್ದೇ ಆಗಿದೆ. ಬಲಗಣ್ಣಿನ 45.6 ಈಗ 45.9 ಎಂದು ಬಂದಿದೆ. 0.3 ಡಯಾಪ್ಟರ್, ದೋಷದ ಮಿತಿಯೊಳಗಿನ ಅಂಕಿ. ಆರು ತಿಂಗಳ ಮೇಲೆ ಅದನ್ನು ಮತ್ತೊಮ್ಮೆ ಅಳೆಯುತ್ತಾರೆ.